ಕರೆಂಟ್ ಹೋಗಿ ಬಂದಾಗಲೆಲ್ಲ ಮನೆ ಅಲಾರಾಂ ಕೂಗುತ್ತಿದೆ, ಪ್ಯಾನೆಲ್ ಬದಲಿಸಲೇಬೇಕಾ?

ಬಿ_ಬ್ಲಾಕ್_ಮಗಳು · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪಾಜಿ, ಅಮ್ಮ ದಾವಣಗೆರೆಯ ಎಂಸಿಸಿ ಬಿ ಬ್ಲಾಕ್‌ನಲ್ಲಿ ಇಬ್ಬರೇ ಇದ್ದಾರೆ. ನಾನಿರುವುದು ಬೆಂಗಳೂರಿನಲ್ಲಿ. ಮನೆಗೆ ಅಲಾರಾಂ ಹಾಕಿಸಿ ಕೆಲವು ವರ್ಷ ಆಯಿತು. ವೈರ್ ಎಳೆದು ಮಾಡಿದ್ದು. ಮುಂದಿನ ಬಾಗಿಲು, ಹಿಂದಿನ ಬಾಗಿಲಿಗೆ ಮ್ಯಾಗ್ನೆಟ್ ಇದೆ. ಹಾಲ್‌ನಲ್ಲಿ ಒಂದು, ಮಹಡಿ ಮೆಟ್ಟಿಲ ಹತ್ತಿರ ಒಂದು ಮೋಷನ್ ಸೆನ್ಸರ್. ಪ್ಯಾನೆಲ್ ಪೆಟ್ಟಿಗೆ ಸ್ಟೋರ್ ರೂಮಿನಲ್ಲಿದೆ, ಅದರೊಳಗೆ ಸಿಮ್ ಇದೆ. ರಾತ್ರಿ ಮಲಗುವ ಕೋಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಆನ್ ಮಾಡಿ ಮಲಗುತ್ತಾರೆ.

ತೊಂದರೆ ಏನೆಂದರೆ, ರಾತ್ರಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಹೂಟರ್ ಶುರು. ಕೂಗುತ್ತಾ ಕೂಗುತ್ತಾ ದನಿ ಸಣ್ಣಗಾಗಿ ತಾನೇ ನಿಲ್ಲುತ್ತದೆ. ಕರೆಂಟ್ ಬಂದ ತಕ್ಷಣ ಮತ್ತೆ ಜೋರಾಗಿ ಕೂಗುತ್ತದೆ. ಅಪ್ಪಾಜಿ ಎದ್ದು ಹೋಗಿ ಕೋಡ್ ಒತ್ತುವಷ್ಟರಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಎಲ್ಲರೂ ಎದ್ದಿರುತ್ತಾರೆ. ಹಗಲಲ್ಲಿ ಕೀಪ್ಯಾಡ್ ಆಗಾಗ ಪೀಂ ಪೀಂ ಅನ್ನುತ್ತದೆ. ಹಾಕಿಕೊಟ್ಟವರನ್ನು ಕರೆಸಿದೆವು. ಹುಡುಗ ಬಂದು ಮೀಟರ್ ಹಿಡಿದು ನೋಡಿ, "ಬ್ಯಾಟರಿ ಚೆನ್ನಾಗಿದೆ, ಬೋರ್ಡ್ ಹೋಗಿದೆ, ಹೊಸ ಪ್ಯಾನೆಲ್ ಹಾಕಿ" ಅಂದ. 18,000 ರೂಪಾಯಿ ಅಂತೆ. ಈಗ ಅಪ್ಪಾಜಿ ಅಲಾರಾಂ ಆನ್ ಮಾಡುವುದನ್ನೇ ಬಿಟ್ಟಿದ್ದಾರೆ. ಬೋರ್ಡ್ ನಿಜವಾಗಿ ಹೋಗಿದೆಯಾ, ಹೇಗೆ ತಿಳಿಯುವುದು?

ದುರ್ಗದ_ಗಾಳಿ · ಭಾನುವಾರ, ರಾತ್ರಿ 9:58

ಅಲಾರಾಂ ಇಟ್ಟುಕೊಂಡೂ ಆಫ್ ಮಾಡಿ ಮಲಗುವುದು ನಮ್ಮ ಮನೆಯ ಕಥೆಯೂ ಹೌದು. ನಾವು ಚಿತ್ರದುರ್ಗದಲ್ಲಿ, ಕೋಟೆ ಕಡೆಗೆ. ನಮಗೆ ಕರೆಂಟ್ ಕಾಟ ಅಲ್ಲ. ಆಷಾಢದಲ್ಲಿ ಗಾಳಿ, ವರ್ಷವಿಡೀ ಮಂಗ. ಮೊದಲು ನಿಮ್ಮದು ಮುಗಿಯಲಿ, ಆಮೇಲೆ ನನ್ನದನ್ನು ಕೇಳುತ್ತೇನೆ. ತಂತಿ ಮೀಟರ್ ಅಣ್ಣ ಎಲ್ಲಿದ್ದೀರಿ?

ತಂತಿ_ಮೀಟರ್ · ಭಾನುವಾರ, ರಾತ್ರಿ 10:25

ಇಲ್ಲೇ ಇದ್ದೀನಿ. ಅಕ್ಕ, ದುಡ್ಡು ಕೊಡುವ ಮುಂಚೆ ಕೆಲವು ಪ್ರಶ್ನೆ.

ಹೂಟರ್ ಕೂಗಿದ ಮೇಲೆ ಕೀಪ್ಯಾಡ್‌ನಲ್ಲಿ ಯಾವ ಝೋನ್ ನಂಬರ್, ಅಂದರೆ ಯಾವ ಸೆನ್ಸರ್ ಲೈನಿನ ನಂಬರ್ ತೋರಿಸುತ್ತದೆ? ಕೋಡ್ ಒತ್ತಿ ಬಂದ್ ಮಾಡಿದ ಮೇಲೂ ಅದು ಮೆಮೊರಿಯಲ್ಲಿ ಇರುತ್ತದೆ. ಮತ್ತೆ ಆನ್ ಮಾಡಿದರೆ ಅಳಿಸಿ ಹೋಗುತ್ತದೆ. ಅದಕ್ಕೇ ಆನ್ ಮಾಡುವ ಮುಂಚೆ ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಲು ಹೇಳಿ. ಬ್ಯಾಟರಿ ಮೇಲೆ ತಾರೀಖು ಏನಿದೆ? ಆ ಹುಡುಗ ಮೀಟರ್ ಹಿಡಿದಾಗ ಕರೆಂಟ್ ಇತ್ತಾ, ಇರಲಿಲ್ವಾ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಪ್ಯಾನೆಲ್ ಪ್ಲಗ್ ಆ ಲೈನ್ ಮೇಲೆ ಇದೆಯಾ?

ಪೆಟ್ಟಿಗೆ ಮುಚ್ಚಳ ತೆಗೆದರೆ ಟ್ಯಾಂಪರ್ ಸ್ವಿಚ್‌ನಿಂದಾಗಿ ಹೂಟರ್ ಕೂಗುತ್ತದೆ, ಅಲಾರಾಂ ಆಫ್ ಇದ್ದರೂ ಕೂಗಬಹುದು. ಹೆದರಬೇಡಿ, ಕೋಡ್ ಒತ್ತಿದರೆ ನಿಲ್ಲುತ್ತದೆ. ಆದರೆ ಒಳಗೆ ಟ್ರಾನ್ಸ್‌ಫಾರ್ಮರ್ ಕಡೆ 230 ವೋಲ್ಟ್ ಬರುತ್ತದೆ. ಆ ಮೂಲೆಗೆ ಯಾರೂ ಕೈ ಹಾಕಬಾರದು. ಅಪ್ಪಾಜಿಗೆ ಅಭ್ಯಾಸ ಇಲ್ಲ ಅಂದರೆ ಮನೆಗೆ ಬರುವ ವೈರ್‌ಮನ್‌ನನ್ನೇ ಕರೆಯಿರಿ.

ಬಿ_ಬ್ಲಾಕ್_ಮಗಳು · ಸೋಮವಾರ, ಸಂಜೆ 6:15

ಅಣ್ಣ, ಅಪ್ಪಾಜಿ ಎಲ್ಲಾ ನೋಡಿ ಹೇಳಿದರು. ಮೆಮೊರಿಯಲ್ಲಿ 3 ಮತ್ತು 4. ಅಂದರೆ ಹಾಲ್ ಮತ್ತು ಮೆಟ್ಟಿಲ ಸೆನ್ಸರ್, ಎರಡೂ ಒಟ್ಟಿಗೆ. ಬ್ಯಾಟರಿ ಮೇಲೆ 2019 ಅಂತ ಇದೆ. ಹುಡುಗ ಮೀಟರ್ ಹಿಡಿದಾಗ ಕರೆಂಟ್ ಇತ್ತಂತೆ, 13.6 ಬಂತಂತೆ. ಇನ್ವರ್ಟರ್ ಇದೆ, ಆದರೆ ಸ್ಟೋರ್ ರೂಮಿಗೆ ಅದರ ಲೈನ್ ಇಲ್ಲ.

ತಂತಿ_ಮೀಟರ್ · ಸೋಮವಾರ, ರಾತ್ರಿ 9:10

ಹಾಗಾದರೆ ಬೋರ್ಡ್ ಮೇಲೆ ಅನುಮಾನ ಪಡುವ ಕಾರಣವೇ ಇಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಇದೇ ತೊಂದರೆಗೆ ಈ ಊರಲ್ಲಿ ತುಂಬ ಜನ ಪ್ಯಾನೆಲ್ ಬದಲಿಸಿದ್ದಾರೆ.

ಮೊದಲು ಆ 13.6. ಕರೆಂಟ್ ಇದ್ದಾಗ ಬ್ಯಾಟರಿ ತುದಿಯಲ್ಲಿ ಮೀಟರ್ ಹಿಡಿದರೆ ಕಾಣುವುದು ಚಾರ್ಜರ್‌ನ ವೋಲ್ಟೇಜ್. ಪ್ಯಾನೆಲ್ 13.5ರಿಂದ 13.8 ವೋಲ್ಟ್ ಕೊಡುತ್ತಲೇ ಇರುತ್ತದೆ. ಬ್ಯಾಟರಿ ಸತ್ತಿದ್ದರೂ ಅಷ್ಟೇ ತೋರಿಸಬಹುದು. ಪ್ಲಗ್ ಕಿತ್ತು, ಹೂಟರ್ ಕೂಗಿಸಿ, ಆಗ ನೋಡಬೇಕು. ಹಳೆ ಬ್ಯಾಟರಿ ಮುದಿ ಎತ್ತಿನ ಹಾಗೆ. ನಿಂತಾಗ ಗಟ್ಟಿ ಕಾಣುತ್ತದೆ, ನೊಗ ಇಟ್ಟರೆ ಮಂಡಿ ಊರುತ್ತದೆ. ಒಳ್ಳೆಯ 12 ವೋಲ್ಟ್ ಬ್ಯಾಟರಿ ಸುಮ್ನೆ ಇದ್ದಾಗ 12.7ರ ಮೇಲಿರುತ್ತದೆ. ಹೂಟರ್ ಕೂಗುವಾಗಲೂ 12ರ ಆಸುಪಾಸಿನಲ್ಲಿ ನಿಲ್ಲಬೇಕು. ಸರಸರ ಇಳಿದು 11ರ ಕೆಳಗೆ ಹೋದರೆ ಅದರ ಕೆಲಸ ಮುಗಿಯಿತು.

ಈಗ 3 ಮತ್ತು 4 ಯಾಕೆ ಒಟ್ಟಿಗೆ? ಮೋಷನ್ ಸೆನ್ಸರ್ ಒಳಗೆ ಒಂದು ಪುಟ್ಟ ರಿಲೇ ಇರುತ್ತದೆ. ಸೆನ್ಸರ್‌ಗೆ ಕರೆಂಟ್ ಇರುವವರೆಗೆ ಅದು ಸರ್ಕ್ಯೂಟ್ ಮುಚ್ಚಿ ಹಿಡಿದಿರುತ್ತದೆ. ಯಾರಾದರೂ ಓಡಾಡಿದರೆ ಬಿಡುತ್ತದೆ, ಕರೆಂಟ್ ಸಾಲದಿದ್ದರೂ ಬಿಡುತ್ತದೆ. ಕಳ್ಳ ವೈರ್ ಕತ್ತರಿಸಿದರೂ ಗೊತ್ತಾಗಲಿ ಅಂತಲೇ ಹಾಗೆ ಮಾಡಿರುವುದು. ನಿಮ್ಮ ಮನೆಯಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಕುಸಿಯುತ್ತದೆ, ಎರಡೂ ಸೆನ್ಸರ್‌ಗಳ ರಿಲೇ ಬಿಡುತ್ತದೆ, ಪ್ಯಾನೆಲ್ "ಯಾರೋ ಬಂದರು" ಅಂದುಕೊಳ್ಳುತ್ತದೆ. ಹೂಟರ್ ಕೂಗಲು ಇನ್ನೂ ಜಾಸ್ತಿ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಮಲಗುತ್ತದೆ. ದನಿ ಸಣ್ಣಗಾಗುವುದು ಅದಕ್ಕೇ. ಕರೆಂಟ್ ಬಂದಾಗ ಪ್ಯಾನೆಲ್ ಎದ್ದು, ಮೊದಲು ಆನ್ ಇದ್ದದ್ದರಿಂದ ಆನ್ ಸ್ಥಿತಿಗೇ ಹೋಗುತ್ತದೆ. ಸೆನ್ಸರ್‌ಗಳಿಗೆ ಬಿಸಿಯಾಗಿ ಸರಿಹೋಗಲು ಒಂದು ನಿಮಿಷವಾದರೂ ಬೇಕು. ಅಷ್ಟರೊಳಗೆ ಮತ್ತೆ ಅಲಾರಾಂ.

ಬಾಗಿಲಿನ ಮ್ಯಾಗ್ನೆಟ್ ಸೆನ್ಸರ್‌ಗೆ ಕರೆಂಟೇ ಬೇಡ. ಗಾಜಿನ ಕೊಳವೆಯೊಳಗೆ ಎರಡು ತೆಳು ಪಟ್ಟಿ, ಆಯಸ್ಕಾಂತ ಹತ್ತಿರ ಇದ್ದರೆ ಅಂಟಿಕೊಳ್ಳುತ್ತವೆ, ಅಷ್ಟೇ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ 1, 2 ಬರುವುದೇ ಇಲ್ಲ. ಕರೆಂಟ್ ಬೇಕಾದ ಸೆನ್ಸರ್‌ಗಳಷ್ಟೇ ಒಟ್ಟಿಗೆ ಕೂಗಿದರೆ ಅದು ಪವರ್ ತೊಂದರೆ.

ಹಗಲಿನ ಪೀಂ ಪೀಂ ಕೂಡ ಬಹುಶಃ ಲೋ ಬ್ಯಾಟರಿ ಎಚ್ಚರಿಕೆಯೇ. ಟ್ರಬಲ್ ಬಟನ್ ಒತ್ತಿದರೆ ಹೇಳುತ್ತದೆ.

12 ವೋಲ್ಟ್ 7 ಎಎಚ್ (ಆಂಪ್-ಅವರ್) ಸೀಲ್ಡ್ ಬ್ಯಾಟರಿ ಕೇಳಿ ತನ್ನಿ. ಸಾವಿರ ರೂಪಾಯಿ ಆಸುಪಾಸು. ಅಂಗಡಿಯಲ್ಲೇ ತಾರೀಖು ನೋಡಿ. ಧೂಳು ಹಿಡಿದು ವರ್ಷ ಕೂತಿದ್ದನ್ನು ಕೊಡುತ್ತಾರೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ತಿರುಗಿಸಿ ಹಾಕಿದರೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಬೋರ್ಡೇ ಹೋಗುತ್ತದೆ. ಆಗ ಆ ಹುಡುಗನ ಮಾತು ನಿಜ ಆಗಿಬಿಡುತ್ತದೆ. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಒಳಗೆ ಸೀಸ ಇದೆ. ಬ್ಯಾಟರಿ ಅಂಗಡಿಯವರೇ ತೆಗೆದುಕೊಳ್ಳುತ್ತಾರೆ.

ಕೆಟಿಜೆ_ನಗರ_ಗೆಳೆಯ · ಸೋಮವಾರ, ರಾತ್ರಿ 9:31

ಬ್ಯಾಟರಿ ಯಾಕೆ ಬೇಕು ಅಣ್ಣ? ಮನೆಯಲ್ಲಿ 150 ಎಎಚ್ ಇನ್ವರ್ಟರ್ ಬ್ಯಾಟರಿ ಇರುತ್ತದಲ್ಲ. ಅದರಿಂದಲೇ ಎರಡು ವೈರ್ ಎಳೆದು ಪ್ಯಾನೆಲ್‌ಗೆ ಕೊಟ್ಟರೆ ಮುಗೀತು.

ತಂತಿ_ಮೀಟರ್ · ಸೋಮವಾರ, ರಾತ್ರಿ 9:44

ಬೇಡ. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ವೋಲ್ಟೇಜ್ 14ರ ಮೇಲೆ ಹೋಗುತ್ತದೆ. ಪ್ಯಾನೆಲ್‌ನ ಸ್ವಂತ ಚಾರ್ಜರ್ ಜೊತೆ ಇದು ಜಗಳ ಆಡುತ್ತದೆ. ಅಷ್ಟು ದೊಡ್ಡ ಬ್ಯಾಟರಿಯಿಂದ ಫ್ಯೂಸ್ ಇಲ್ಲದೆ ಸಣ್ಣ ವೈರ್ ಎಳೆದರೆ, ಶಾರ್ಟ್ ಆದ ದಿನ ವೈರೇ ಉರಿಯುತ್ತದೆ.

ಪ್ಯಾನೆಲ್ ಪ್ಲಗ್ ಅನ್ನು ಇನ್ವರ್ಟರ್ ಲೈನಿಗೆ ಹಾಕುವುದು ಒಳ್ಳೆಯದು. ನಮ್ಮ ಕಡೆ ಮೀಟರ್ ಬೋರ್ಡ್ ಹೊರಗೋಡೆಯ ಮೇಲಿರುತ್ತದೆ. ಫ್ಯೂಸ್ ಯಾರು ಬೇಕಾದರೂ ಕೀಳಬಹುದು. ಆದರೂ ಪ್ಯಾನೆಲ್ ಒಳಗೆ ತನ್ನದೇ ಬ್ಯಾಟರಿ ಇರಲೇಬೇಕು. ಬಿ ಬ್ಲಾಕ್ ಅಕ್ಕನ ಮನೆಯಂಥ ಸಿಸ್ಟಂ ಸುಮ್ನೆ ಇದ್ದಾಗ 200 ಮಿಲಿ ಆಂಪ್ ತಿನ್ನುತ್ತದೆ ಅಂದುಕೊಳ್ಳಿ. 7 ಎಎಚ್ ಬ್ಯಾಟರಿಗೆ ಲೆಕ್ಕದಲ್ಲಿ 35 ಗಂಟೆ. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ, ಆದರೂ ಒಂದು ರಾತ್ರಿಗೆ ಧಾರಾಳ.

ಮೇಷ್ಟ್ರು_ವಿದ್ಯಾನಗರ · ಸೋಮವಾರ, ರಾತ್ರಿ 10:05

ಒಂದು ಮಾತು ಸೇರಿಸುತ್ತೇನೆ. ಈ ಸೀಲ್ಡ್ ಬ್ಯಾಟರಿಗಳಿಗೆ 3ರಿಂದ 5 ವರ್ಷ ಎಂದು ಹೇಳುವುದು 25 ಡಿಗ್ರಿ ಲೆಕ್ಕದಲ್ಲಿ. ಹತ್ತು ಡಿಗ್ರಿ ಜಾಸ್ತಿಯಾದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ದಾವಣಗೆರೆಯ ಏಪ್ರಿಲ್, ಮೇ ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಗಾಳಿಯಾಡದ ಸ್ಟೋರ್ ರೂಮಿನ ಅಟ್ಟದ ಮೇಲೆ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಕೂತ ಬ್ಯಾಟರಿ 2019ರಿಂದ ಬದುಕಿದ್ದರೆ ಅದಕ್ಕೊಂದು ಹಾರ ಹಾಕಬೇಕು. ಮೂರು ವರ್ಷಕ್ಕೊಮ್ಮೆ ಬದಲಿಸುವುದು ನಮ್ಮ ಊರಿಗೆ ಸರಿಯಾದ ಲೆಕ್ಕ.

ಪಕ್ಕದ್ಮನೆಯವರು · ಮಂಗಳವಾರ, ಬೆಳಿಗ್ಗೆ 7:20

ಅಲಾರಾಂ ಇಟ್ಟವರ ಕಷ್ಟ ಎಲ್ಲಾ ಓದಿದೆ. ನಮ್ಮ ಕಷ್ಟವನ್ನೂ ಕೇಳಿ. ನಮ್ಮ ಬೀದಿಯಲ್ಲಿ ಒಬ್ಬರು ಮನೆಗೆ ಬೀಗ ಹಾಕಿ ಮದುವೆಗೆ ಹೋಗಿದ್ದರು. ಹೂಟರ್ ರಾತ್ರಿ ಶುರುವಾಗಿದ್ದು ಬೆಳಗಾದರೂ ನಿಲ್ಲಲಿಲ್ಲ. ಮೊದಲು ಎಲ್ಲರೂ ಓಡಿ ಬಂದೆವು. ಮುಂದಿನ ಸಲ ಅಲ್ಲಿ ನಿಜವಾಗಿ ಕಳ್ಳ ಬಂದರೂ ಯಾರೂ ಹೊರಗೆ ಬರಲ್ಲ, ಇದನ್ನು ಬರೆದಿಟ್ಟುಕೊಳ್ಳಿ.

ತಂತಿ_ಮೀಟರ್ · ಮಂಗಳವಾರ, ಬೆಳಿಗ್ಗೆ 8:02

ಸರಿಯಾಗಿ ಹೇಳಿದಿರಿ. ಪ್ಯಾನೆಲ್‌ನಲ್ಲಿ ಹೂಟರ್ ಎಷ್ಟು ಹೊತ್ತು ಕೂಗಬೇಕು ಅಂತ ಸೆಟ್ ಮಾಡಬಹುದು. 3ರಿಂದ 5 ನಿಮಿಷ ಸಾಕು. ಕಳ್ಳ ಓಡುವುದಿದ್ದರೆ ಅಷ್ಟರಲ್ಲಿ ಓಡಿರುತ್ತಾನೆ. ಒಂದೇ ಝೋನ್ ಪದೇ ಪದೇ ಕೂಗಿದರೆ ಅದನ್ನು ತಾನೇ ಕೈಬಿಡುವ ಸೆಟ್ಟಿಂಗ್ ಕೂಡ ಎಷ್ಟೋ ಪ್ಯಾನೆಲ್‌ಗಳಲ್ಲಿ ಇದೆ. ಹಾಕುವವರು ಇದನ್ನೆಲ್ಲ ಮುಟ್ಟುವುದೇ ಇಲ್ಲ, ಡಬ್ಬಿಯಿಂದ ತೆಗೆದು ಹಾಗೇ ತೂಗುಹಾಕಿ ಹೋಗುತ್ತಾರೆ.

ಮೇಷ್ಟ್ರು_ವಿದ್ಯಾನಗರ · ಮಂಗಳವಾರ, ಬೆಳಿಗ್ಗೆ 9:15

ಕಾನೂನಿನ ಕಡೆಯಿಂದಲೂ ನೋಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಾಸದ ಬಡಾವಣೆಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಈ ಹೂಟರ್‌ಗಳ ಡಬ್ಬಿ ಮೇಲೆ 110 ಡೆಸಿಬೆಲ್ ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಕಳ್ಳ ಬಂದಾಗ ಕೂಗಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಸುಮ್ಮಸುಮ್ಮನೆ ಕೂಗಿದರೆ ಕೇಳುತ್ತಾರೆ, ಕೇಳಲೂಬೇಕು.

ಬಿ_ಬ್ಲಾಕ್_ಮಗಳು · ಬುಧವಾರ, ರಾತ್ರಿ 8:30

ವೈರ್‌ಮನ್ ಬಂದಿದ್ದರು. ಪ್ಲಗ್ ಕಿತ್ತು ಹೂಟರ್ ಕೂಗಿಸಿದಾಗ ಮೀಟರ್ 10ಕ್ಕೆ ಬಂದು ಇನ್ನೂ ಇಳಿಯುತ್ತಲೇ ಇತ್ತಂತೆ. ಹಳೆ ಬ್ಯಾಟರಿಯ ಹೊಟ್ಟೆ ಉಬ್ಬಿ ಪೆಟ್ಟಿಗೆಯಿಂದ ಹೊರಗೆ ಬರಲೇ ಕಷ್ಟವಾಯಿತಂತೆ. ಹೊಸದು ಹಾಕಿದರು. ಸ್ಟೋರ್ ರೂಮಿಗೆ ಇನ್ವರ್ಟರ್ ಲೈನನ್ನೂ ಎಳೆದರು. ಆಮೇಲೆ ಮೇನ್ ಆಫ್ ಮಾಡಿ, ಆನ್ ಮಾಡಿ ನೋಡಿದರು. ಹೂಟರ್ ಸದ್ದಿಲ್ಲ, ಕೀಪ್ಯಾಡ್ ಸದ್ದಿಲ್ಲ. ತಂತಿ ಮೀಟರ್ ಅಣ್ಣನಿಗೆ ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ.

ಆದರೆ ಎರಡು ಉಳಿದಿವೆ. ಒಂದು, ಅಲಾರಾಂ ಆದಾಗ ನನಗೆ ಕಾಲ್ ಬರುತ್ತಲೇ ಇರಲಿಲ್ಲ. ಇನ್ನೊಂದು, ಅಮ್ಮ. ಬೆಳಿಗ್ಗೆ ಐದೂವರೆಗೆ ರಂಗೋಲಿ ಹಾಕಲು ಬಾಗಿಲು ತೆಗೆಯುತ್ತಾರೆ. ಕೋಡ್ ಒತ್ತಲು ಮರೆಯುತ್ತಾರೆ. ಇಡೀ ಬೀದಿಗೆ ಸುಪ್ರಭಾತ.

ತಂತಿ_ಮೀಟರ್ · ಬುಧವಾರ, ರಾತ್ರಿ 9:05

ದೋಸೆ ಬರಲಿ, ಬೇಡ ಅನ್ನಲ್ಲ.

ಕಾಲ್ ವಿಷಯ. ಸಿಮ್ ಇರುವ ಮಾಡ್ಯೂಲ್ ನೆಟ್‌ವರ್ಕ್ ಹಿಡಿಯುವಾಗ ಒಂದೊಂದು ಕ್ಷಣ 2 ಆಂಪ್‌ವರೆಗೆ ಎಳೆಯುತ್ತದೆ. ಸತ್ತ ಬ್ಯಾಟರಿಯಲ್ಲಿ ಅದು ರೀಸೆಟ್ ಆಗುತ್ತಲೇ ಇತ್ತು. ಈಗ ಸರಿಹೋಗಿರಬಹುದು. ಆದರೂ ಸಿಮ್ ತೆಗೆದು ಫೋನಿಗೆ ಹಾಕಿ ನೋಡಿ. ಪ್ಲಾನ್ ಮುಗಿದಿದ್ದರೆ ಹೊರಗೆ ಕಾಲ್ ಹೋಗಲ್ಲ. ಪ್ಯಾನೆಲ್‌ನಲ್ಲಿರುವ ಸಿಮ್‌ಗೆ ರೀಚಾರ್ಜ್ ಮಾಡಬೇಕು ಅಂತ ಯಾರಿಗೂ ನೆನಪಿರಲ್ಲ. ಸಿಮ್ ಪಿನ್ ಲಾಕ್ ಇದ್ದರೆ ತೆಗೆದುಬಿಡಿ.

ಕೆಟಿಜೆ_ನಗರ_ಗೆಳೆಯ · ಬುಧವಾರ, ರಾತ್ರಿ 9:12

ಜಿಯೋ ಸಿಮ್ ಹಾಕಿದರೆ ಆಗುತ್ತಾ? ಮನೆಯಲ್ಲಿ ಒಂದು ಸುಮ್ನೆ ಬಿದ್ದಿದೆ.

ತಂತಿ_ಮೀಟರ್ · ಬುಧವಾರ, ರಾತ್ರಿ 9:20

ಹಳೆ ಪ್ಯಾನೆಲ್‌ಗಳಲ್ಲಿ 2ಜಿ ಮಾಡ್ಯೂಲ್ ಇರುತ್ತದೆ. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ, ಅದು 4ಜಿಯಿಂದಲೇ ಶುರುವಾದದ್ದು. ಹಾಗಾಗಿ ಸಿಗ್ನಲ್ ಬರಲ್ಲ. ಏರ್‌ಟೆಲ್, ವಿಐ, ಬಿಎಸ್ಸೆನ್ನೆಲ್ ಪೈಕಿ ಪ್ಯಾನೆಲ್ ಇರುವ ಜಾಗದಲ್ಲಿ ಯಾವುದಕ್ಕೆ ಸಿಗ್ನಲ್ ಚೆನ್ನಾಗಿದೆಯೋ ಅದನ್ನು ಹಾಕಿ. ಹೊಸದಾಗಿ ಕೊಳ್ಳುವವರು 4ಜಿ ಪ್ಯಾನೆಲ್ಲನ್ನೇ ಕೇಳಿ. 2ಜಿ ಎಷ್ಟು ವರ್ಷ ಇರುತ್ತದೋ ಅದನ್ನು ನಂಬಿ ದುಡ್ಡು ಹಾಕಬಾರದು.

ಅಕ್ಕ, ಇನ್ನೊಂದು ವಿಷಯ. ಮೊದಲ ಕಾಲ್ ನಿಮಗೆ ಯಾಕೆ? ನೀವು 260 ಕಿಲೋಮೀಟರ್ ದೂರ ಇದ್ದೀರಿ. ಮೊದಲ ನಂಬರ್ ಎದುರು ಮನೆಯವರದ್ದು ಹಾಕಿ, ಅವರನ್ನು ಕೇಳಿಯೇ ಹಾಕಿ. ಎರಡನೆಯದು ಊರಲ್ಲಿರುವ ನೆಂಟರದ್ದು. ನಿಮ್ಮದು ಮೂರನೆಯದು. ಎದುರು ಮನೆಯವರು ಕಿಟಕಿಯಿಂದ ನೋಡಲಿ, ಒಬ್ಬರೇ ಹೊರಗೆ ಬರುವುದು ಬೇಡ. ಬಾಗಿಲು ಮುರಿದಿರುವುದು ಕಂಡರೆ 112ಕ್ಕೆ ಫೋನ್ ಮಾಡಲಿ.

ಎಸ್_ಎಸ್_ಬಡಾವಣೆ_ಅಮ್ಮ · ಬುಧವಾರ, ರಾತ್ರಿ 9:50

ರಂಗೋಲಿ ವಿಷಯಕ್ಕೆ ನಾನು ಹೇಳುತ್ತೇನಮ್ಮ. ನಮ್ಮ ಮನೆಯಲ್ಲಿ ಬೆಳಿಗ್ಗೆ 5ಕ್ಕೆ ತಾನೇ ಆಫ್ ಆಗುವ ಹಾಗೆ ಮಗ ಟೈಮ್ ಹಾಕಿಕೊಟ್ಟಿದ್ದಾನೆ. ನಾನು ಯಾವ ಬಟನ್ನೂ ಮುಟ್ಟುವುದಿಲ್ಲ. ಆರಾಮ.

ತಂತಿ_ಮೀಟರ್ · ಬುಧವಾರ, ರಾತ್ರಿ 10:02

ಅಮ್ಮಾ, ನನಗೆ ಅದು ಇಷ್ಟವಿಲ್ಲ. ನೀವು ಊರಿಗೆ ಹೋದ ದಿನವೂ 5ಕ್ಕೆ ಆಫ್ ಆಗುತ್ತದಲ್ಲ! ರಿಮೋಟ್ ಒಂದನ್ನು ಮಲಗುವ ಕೋಣೆಯ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿ. ಕೋಣೆಯಿಂದ ಹೊರಗೆ ಕಾಲಿಡುವ ಮುಂಚೆ ಒಂದು ಬಟನ್.

ಎಸ್_ಎಸ್_ಬಡಾವಣೆ_ಅಮ್ಮ · ಬುಧವಾರ, ರಾತ್ರಿ 10:09

ಊರಿಗೆ ಹೋಗುವಾಗ ಮಗ ಫೋನಿನಿಂದ ಆ ಟೈಮ್ ತೆಗೆಯುತ್ತಾನಪ್ಪ. ರಿಮೋಟ್ ನಮ್ಮಲ್ಲೂ ಇತ್ತು. ಮೊಮ್ಮಗ ಕಾರಿನದು ಅಂತ ಆಡಿಕೊಂಡು ಎಲ್ಲೋ ಹಾಕಿದ.

ಮೇಷ್ಟ್ರು_ವಿದ್ಯಾನಗರ · ಬುಧವಾರ, ರಾತ್ರಿ 10:20

ಕೋಡ್ ಬಗ್ಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಒಂದೇ ಕೋಡ್ ಒತ್ತಿದರೆ ಆ ನಾಲ್ಕು ಬಟನ್‌ಗಳ ಅಂಕಿ ಮಾತ್ರ ಸವೆದು ಹೋಗುತ್ತದೆ. ನೋಡಿದವರಿಗೆ ನಾಲ್ಕು ಅಂಕಿ ಗೊತ್ತಾಯಿತು. ಬೇರೆಬೇರೆ ನಾಲ್ಕು ಅಂಕಿಯಾದರೆ ಹಿಂದುಮುಂದು ಮಾಡಿ ನೋಡಲು ಉಳಿಯುವುದು 24 ಜೋಡಣೆ ಅಷ್ಟೇ. ಆ ನಾಲ್ಕು ಅಂಕಿ 1, 9, 5, 6 ಆಗಿದ್ದರೆ ಅಷ್ಟೂ ಬೇಡ, ಯಜಮಾನರು ಹುಟ್ಟಿದ ವರ್ಷ ಎಂದು ಯಾರಿಗಾದರೂ ಹೊಳೆಯುತ್ತದೆ. ಆಗಾಗ ಬದಲಿಸಿ. 1234 ಅಂತೂ ಇಡಲೇಬೇಡಿ.

ದುರ್ಗದ_ಗಾಳಿ · ಗುರುವಾರ, ಮಧ್ಯಾಹ್ನ 1:10

ಈಗ ನನ್ನ ಸರದಿ. ನಮ್ಮ ಮನೆ ಹಿಂಬಾಗಿಲು, ತಾರಸಿ ಬಾಗಿಲು ಎರಡೂ ಮ್ಯಾಗ್ನೆಟ್. ನಮ್ಮ ಊರ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಆಷಾಢದಲ್ಲಿ ಬಾಗಿಲು ಚಿಲಕದಲ್ಲೇ ದಡದಡ ಅನ್ನುತ್ತದೆ, ಅಲಾರಾಂ ಆಗುತ್ತದೆ. ತಾರಸಿ ಬಾಗಿಲು ಕಬ್ಬಿಣದ್ದು, ಅದಕ್ಕೆ ಗಾಳಿಯೂ ಬೇಡ, ಮಂಗ ಬಂದು ಎಳೆದಾಡಿದರೆ ಸಾಕು. ಒನಕೆ ಓಬವ್ವನ ಊರಿನವರು ಮಂಗಕ್ಕೆ ಹೆದರಿ ಅಲಾರಾಂ ಆಫ್ ಮಾಡುವ ಹಾಗಾಯಿತು.

ತಂತಿ_ಮೀಟರ್ · ಗುರುವಾರ, ಸಂಜೆ 7:40

ಮ್ಯಾಗ್ನೆಟ್‌ಗೂ ಸೆನ್ಸರ್‌ಗೂ ನಡುವೆ ಸಂದು ಎಷ್ಟಿದೆ ಅಳೆಯಿರಿ. ಸಾಮಾನ್ಯ ಮ್ಯಾಗ್ನೆಟ್ 15ರಿಂದ 20 ಮಿಲಿಮೀಟರ್‌ವರೆಗೆ ಹಿಡಿಯುತ್ತದೆ. ಅದು ಮರದ ಬಾಗಿಲಿನ ಲೆಕ್ಕ. ಕಬ್ಬಿಣದ ಮೇಲೆ ನೇರವಾಗಿ ಹಾಕಿದರೆ ಕಬ್ಬಿಣವೇ ಅಯಸ್ಕಾಂತದ ಬಲವನ್ನು ಎಳೆದುಕೊಳ್ಳುತ್ತದೆ. ಸಂದು ಅರ್ಧದಷ್ಟಿದ್ದರೂ ಅಂಚಿನಲ್ಲಿ ಇರುತ್ತದೆ, ಬಾಗಿಲು ಒಂದು ನೂಲು ಅಲುಗಿದರೆ ಬಿಡುತ್ತದೆ. ಅಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಎತ್ತರಿಸಿ, ಅಥವಾ ಕಬ್ಬಿಣದ ಬಾಗಿಲಿಗೇ ಅಂತ ಬರುವ ದೊಡ್ಡ ಮ್ಯಾಗ್ನೆಟ್ ಹಾಕಿ.

ಆದರೆ ಮೊದಲು ಮಾಡಬೇಕಾದ್ದು ಬಡಗಿ ಕೆಲಸ. ಚಿಲಕ ಹಾಕಿದ ಮೇಲೂ ಬಾಗಿಲು ಅಲುಗುತ್ತಿದ್ದರೆ ಯಾವ ಸೆನ್ಸರ್ ಹಾಕಿದರೂ ಅಷ್ಟೇ. ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿ, ಚಿಲಕದ ತೂತು ಸರಿಮಾಡಿಸಿ. ಇನ್ನೂ ಕೂಗಿದರೆ ಪ್ಯಾನೆಲ್‌ನಲ್ಲಿ ಝೋನ್ ರೆಸ್ಪಾನ್ಸ್ ಟೈಮ್ ಅಂತ ಇರುತ್ತದೆ, ಅದನ್ನು ಸ್ವಲ್ಪ ಜಾಸ್ತಿ ಮಾಡಿ. ಒಂದು ಚಣ ಅಲುಗಿ ಕೂತರೆ ಲೆಕ್ಕಕ್ಕೆ ಹಿಡಿಯಲ್ಲ, ತೆರೆದೇ ಇದ್ದರೆ ಹಿಡಿಯುತ್ತದೆ.

ಮಂಗಕ್ಕೆ ನನ್ನ ಹತ್ತಿರ ಸೆಟ್ಟಿಂಗ್ ಇಲ್ಲ. ಬಾಗಿಲ ಹೊರಗೆ ಕೈ ಹಿಡಿಯುವ ಬಳೆ ಇದ್ದರೆ ತೆಗೆಸಿ, ಎಳೆಯಲು ಏನೂ ಸಿಗಬಾರದು.

ಬಿ_ಬ್ಲಾಕ್_ಮಗಳು · ಭಾನುವಾರ, ಸಂಜೆ 5:50

ಮತ್ತೆ ನಾನೇ. ನಿನ್ನೆ ಅಪ್ಪಾಜಿ, ಅಮ್ಮ ಹರಿಹರಕ್ಕೆ ಹೋಗಿದ್ದಾಗ ಮಧ್ಯಾಹ್ನ ಅಲಾರಾಂ ಆಯಿತು. ಈ ಸಲ ಕಾಲ್ ಬಂತು, ಎದುರು ಮನೆಯವರಿಗೂ ಹೋಯಿತು. ಅವರು ನೋಡಿದರು, ಏನೂ ಇರಲಿಲ್ಲ. ಝೋನ್ 4 ಒಂದೇ. ಮೆಟ್ಟಿಲ ಹತ್ತಿರದ್ದು. ಕರೆಂಟ್ ಹೋಗಿರಲಿಲ್ಲ.

ಮೇಷ್ಟ್ರು_ವಿದ್ಯಾನಗರ · ಭಾನುವಾರ, ಸಂಜೆ 6:30

ಸೆನ್ಸರ್ ಎದುರಿಗೆ ಏನಿದೆ? ಪಶ್ಚಿಮದ ಕಿಟಕಿ ಇರಬೇಕು, ಅಲ್ವಾ?

ಬಿ_ಬ್ಲಾಕ್_ಮಗಳು · ಭಾನುವಾರ, ಸಂಜೆ 6:41

ಹೌದು ಸರ್! ಮೆಟ್ಟಿಲ ತಿರುವಿನಲ್ಲಿ ದೊಡ್ಡ ಕಿಟಕಿ, ಪಶ್ಚಿಮಕ್ಕೆ. ಪರದೆಯೂ ಇದೆ.

ಮೇಷ್ಟ್ರು_ವಿದ್ಯಾನಗರ · ಭಾನುವಾರ, ರಾತ್ರಿ 8:00

ಈ ಸೆನ್ಸರ್ ಚಿತ್ರ ನೋಡುವುದಿಲ್ಲ, ಶಾಖ ನೋಡುತ್ತದೆ. ನಮ್ಮ ಮೈ ಸುಮಾರು 9–10 ಮೈಕ್ರಾನ್ ಅಲೆಯುದ್ದದ ಶಾಖವನ್ನು ಹೊರಗೆ ಬಿಡುತ್ತದೆ. ಮುಂದಿರುವ ಬಿಳಿ ಪ್ಲಾಸ್ಟಿಕ್ಕಿನ ಗೆರೆಗೆರೆ ಹಾಳೆ ಒಂದು ಮಸೂರ. ಅದು ಕೋಣೆಯನ್ನು ಬೀಸಣಿಗೆಯ ಹಾಗೆ ಪಟ್ಟಿಪಟ್ಟಿಯಾಗಿ ಹಂಚುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಶಾಖ ದಾಟಿದರೆ ಒಳಗಿನ ಎರಡು ಕಣ್ಣುಗಳಿಗೆ ವ್ಯತ್ಯಾಸ ತಿಳಿಯುತ್ತದೆ. ಮಧ್ಯಾಹ್ನ ಮೇಲೆ ಬಿಸಿಲು ನಿಮ್ಮ ಪರದೆ ಮೇಲೆ ಬಿದ್ದು ಅದು ಕಾಯುತ್ತದೆ. ಕಿಟಕಿ ಸಂದಿನಿಂದ ಗಾಳಿ ಬಂದರೆ ಕಾದ ಪರದೆ ಅತ್ತಿತ್ತ ಆಡುತ್ತದೆ. ಸೆನ್ಸರ್‌ಗೆ ಅದು ಮನುಷ್ಯ ನಡೆದ ಹಾಗೆ ಕಾಣುತ್ತದೆ.

ಪರದೆ ಕಟ್ಟಿಹಾಕಿದರೆ ಪೂರ್ತಿ ಪರಿಹಾರ ಅಲ್ಲ. ಸೆನ್ಸರನ್ನು ಆ ಕಿಟಕಿ ಇರುವ ಗೋಡೆಯ ಮೂಲೆಗೇ ತನ್ನಿ, ಅದರ ಬೆನ್ನು ಕಿಟಕಿಗೆ ಇರಲಿ. ಏಳು ಅಡಿ ಎತ್ತರ ಸಾಕು. ಬರುವವನು ಅದರ ಎದುರಿಗೆ ನೇರವಾಗಿ ಬರುವಂತಿರಬಾರದು, ಅಡ್ಡ ಹಾಯುವಂತಿರಬೇಕು. ಅಡ್ಡ ಹಾಯ್ದವನನ್ನು ಬೇಗ ಹಿಡಿಯುತ್ತದೆ.

ಇದರ ಇನ್ನೊಂದು ಮುಖವನ್ನು ಯಾರೂ ಹೇಳುವುದಿಲ್ಲ. ಮೇ ತಿಂಗಳಲ್ಲಿ ಗೋಡೆಯೇ 36–37 ಡಿಗ್ರಿ ಇದ್ದರೆ ಮನುಷ್ಯನಿಗೂ ಗೋಡೆಗೂ ವ್ಯತ್ಯಾಸ ಕಡಿಮೆ. ಆಗ ಸೆನ್ಸರ್ ಮಂಕಾಗುತ್ತದೆ. ಸುಳ್ಳು ಅಲಾರಾಂ ತಪ್ಪಿಸಲು ಸೆನ್ಸಿಟಿವಿಟಿ ಇಳಿಸಿದ್ದರೆ, ಬೇಸಿಗೆಯಲ್ಲಿ ನಿಜವಾಗಿ ಬಂದವನೂ ತಪ್ಪಿಸಿಕೊಳ್ಳಬಹುದು. ಕೊಳ್ಳುವಾಗ ಟೆಂಪರೇಚರ್ ಕಾಂಪೆನ್ಸೇಷನ್ (ಬಿಸಿಗೆ ತಕ್ಕಂತೆ ಸೆನ್ಸಿಟಿವಿಟಿಯನ್ನು ತಾನೇ ಹೊಂದಿಸಿಕೊಳ್ಳುವುದು) ಇದೆಯೇ ಎಂದು ಕೇಳಿ. ಬೇಸಿಗೆಯ ಒಂದು ಮಧ್ಯಾಹ್ನ ಟೆಸ್ಟ್ ಮೋಡ್‌ಗೆ ಹಾಕಿ, ಮನೆಯೆಲ್ಲ ನಡೆದು ನೋಡಿ.

ತಂತಿ_ಮೀಟರ್ · ಭಾನುವಾರ, ರಾತ್ರಿ 8:25

ಮೇಷ್ಟ್ರು ಹೇಳಿದ್ದು ಸರಿ. ಜೊತೆಗೆ ಸೆನ್ಸರ್ ಬಿಚ್ಚಿದಾಗ ಒಳಗೆ ನೋಡಿ. ವೈರ್ ಬರುವ ತೂತು ತೆರೆದಿದ್ದರೆ ಇರುವೆ, ಜೇಡ ಎಲ್ಲಾ ಒಳಗೆ ಮನೆ ಮಾಡಿರುತ್ತವೆ. ಕಣ್ಣಿನ ಹತ್ತಿರವೇ ಓಡಾಡುವ ಇರುವೆ ಅದಕ್ಕೆ ಆನೆ. ಸಿಲಿಕಾನ್ ಹಚ್ಚಿ ಮುಚ್ಚಿ. ಹಲ್ಲಿ ಹೊರಗಿನಿಂದ ಮಸೂರದ ಮೇಲೆ ಹರಿದರೂ ಕೂಗುತ್ತದೆ. ಟ್ಯೂಬ್‌ಲೈಟ್ ಪಕ್ಕದಲ್ಲಿ ಸೆನ್ಸರ್ ಹಾಕಿದವರಿಗೆ ಈ ಕಾಟ ತಪ್ಪಿದ್ದಲ್ಲ, ಹುಳ ತಿನ್ನಲು ಹಲ್ಲಿ ಅಲ್ಲೇ ಕಾದಿರುತ್ತದೆ.

ಕೆಟಿಜೆ_ನಗರ_ಗೆಳೆಯ · ಭಾನುವಾರ, ರಾತ್ರಿ 8:50

ನನ್ನದು ವೈಫೈ ಪ್ಯಾನೆಲ್. ಇಂಟರ್ನೆಟ್ ಕಂಪನಿ ಬದಲಿಸಿದ ಮೇಲೆ ಆಪ್‌ನಲ್ಲಿ ಆಫ್‌ಲೈನ್ ಅಂತ ಬರುತ್ತಿದೆ.

ತಂತಿ_ಮೀಟರ್ · ಭಾನುವಾರ, ರಾತ್ರಿ 8:58

ಇಂಥ ಪ್ಯಾನೆಲ್‌ಗಳು ಬಹುತೇಕ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ಹೊಸ ರೂಟರ್ 2.4, 5 ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತದೆ. ಬೇರೆಬೇರೆ ಹೆಸರು ಮಾಡಿಸಿ. ಇನ್ನೂ ಸುಲಭ ಬೇಕಾದರೆ 2.4ಕ್ಕೆ ಹಳೆ ರೂಟರ್‌ನ ಹೆಸರು, ಪಾಸ್‌ವರ್ಡ್ ಹಾಗೇ ಇಟ್ಟುಬಿಡಿ, ಪ್ಯಾನೆಲ್ ತಾನೇ ಬಂದು ಸೇರಿಕೊಳ್ಳುತ್ತದೆ. ರೂಟರ್ ಕೂಡ ಇನ್ವರ್ಟರ್ ಮೇಲಿರಲಿ. ಫೋನಿನ ಬ್ಯಾಟರಿ ಸೇವರ್ ಆ ಆಪ್ ಅನ್ನು ಮಲಗಿಸದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಎಚ್ಚರಿಕೆ ಬೆಳಿಗ್ಗೆ ಎದ್ದ ಮೇಲೆ ಬರುತ್ತದೆ.

ಮಂಡಿಪೇಟೆ_ಅಂಗಡಿ · ಸೋಮವಾರ, ರಾತ್ರಿ 9:30

ಅಂಗಡಿಯವರೂ ಕೇಳಬಹುದಾ? ಮಂಡಿಪೇಟೆಯಲ್ಲಿ ಬೆಲ್ಲ, ಬೇಳೆ ಅಂಗಡಿ. ರೋಲಿಂಗ್ ಶಟರ್‌ಗೆ ಸೆನ್ಸರ್ ಇದೆ. ಶಟರ್ ಪೂರ್ತಿ ಎಳೆದರೂ ಒಂದೊಂದು ರಾತ್ರಿ ಪ್ಯಾನೆಲ್ ರೆಡಿ ಆಗುವುದೇ ಇಲ್ಲ. ಆ ಝೋನ್ ಬೈಪಾಸ್ ಮಾಡಿ, ಅಂದರೆ ಲೆಕ್ಕದಿಂದ ಬಿಟ್ಟು, ಮನೆಗೆ ಹೋಗುತ್ತೇನೆ. ಶಟರ್ ಬೈಪಾಸ್ ಮಾಡಿದರೆ ಅಲಾರಾಂ ಯಾತಕ್ಕೆ ಅಂತ ಮನೆಯವರು ಬೈಯುತ್ತಾರೆ. ವೈರ್ ಇಲಿ ಕಡಿದಿದೆ ಅಂತ ಬದಲಿಸಿದ್ದೂ ಆಯಿತು, ಸೆನ್ಸರ್ ಬದಲಿಸಿದ್ದೂ ಆಯಿತು.

ತಂತಿ_ಮೀಟರ್ · ಸೋಮವಾರ, ರಾತ್ರಿ 9:52

ಅಣ್ಣಾ, ಬದಲಿಸುವುದು ನಿಲ್ಲಿಸಿ, ಅಳೆಯೋಣ. ವೈರ್ ಕೊನೆಯಲ್ಲಿ, ಸೆನ್ಸರ್ ಹತ್ತಿರ, ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಅದರ ಬೆಲೆ ಒಂದೋ ಎರಡೋ ರೂಪಾಯಿ, ಇಡೀ ಝೋನ್ ಅದರ ಮೇಲೆ ನಿಂತಿದೆ. ಪ್ಯಾನೆಲ್‌ಗೆ ಆ ರೆಸಿಸ್ಟರ್‌ನಷ್ಟೇ ಓಮ್ (ತಡೆಯ ಅಳತೆ) ಕಂಡರೆ ಎಲ್ಲಾ ಸರಿ. ವೈರ್ ತುಂಡಾದರೆ ಅಪಾರ, ಯಾರಾದರೂ ವೈರ್ ಎರಡನ್ನೂ ಸೇರಿಸಿದರೆ ಸೊನ್ನೆ. ಎರಡೂ ತಪ್ಪು ಅಂತ ಅದಕ್ಕೆ ಗೊತ್ತಾಗುತ್ತದೆ. ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಈ ಓಮ್ ಲೆಕ್ಕ ಬೇರೆ. 2.2 ಕಿಲೋಓಮ್, 4.7, 5.6 ಹೀಗೆ.

ಶಟರ್ ಎಳೆದು, ಅಲಾರಾಂ ಆಫ್ ಇಟ್ಟು, ಪ್ಯಾನೆಲ್ ಪ್ಲಗ್ ಕಿತ್ತು, ಬ್ಯಾಟರಿಯ ಒಂದು ತುದಿಯನ್ನೂ ಬಿಡಿಸಿ. ಬೋರ್ಡ್‌ನಲ್ಲಿ ಆ ಝೋನ್ ಸ್ಕ್ರೂಗಳಿಗೆ ಏನೇನು ಸೇರಿದೆಯೋ ಎಲ್ಲವನ್ನೂ ಒಟ್ಟಿಗೆ ಹೊರತೆಗೆದು ಮೀಟರ್ ಹಿಡಿಯಿರಿ. ಏನು ಬರುತ್ತದೆ ಹೇಳಿ. ನಿಮ್ಮ ಪ್ಯಾನೆಲ್‌ನ ಮುಚ್ಚಳದ ಒಳಗಡೆ ಎಷ್ಟು ಓಮ್ ಬೇಕು ಅಂತ ಅಂಟಿಸಿರುತ್ತಾರೆ, ಅದನ್ನೂ ನೋಡಿ.

ಮಂಡಿಪೇಟೆ_ಅಂಗಡಿ · ಮಂಗಳವಾರ, ರಾತ್ರಿ 9:15

ಮುಚ್ಚಳದಲ್ಲಿ 2.2 ಅಂತ ಇದೆ. ಮೀಟರ್ 1.1 ತೋರಿಸುತ್ತಿದೆ. ಶಟರ್ ಎತ್ತಿದರೆ 2.2 ಬರುತ್ತದೆ. ತಲೆಕೆಳಗಾಗಿದೆಯಲ್ಲ!

ತಂತಿ_ಮೀಟರ್ · ಮಂಗಳವಾರ, ರಾತ್ರಿ 9:22

ಸಿಕ್ಕಿತು. 2.2ರ ಅರ್ಧ 1.1. ಎರಡು ರೆಸಿಸ್ಟರ್ ಇವೆ. ಒಬ್ಬರು ಶಟರ್ ತುದಿಯಲ್ಲಿ ಹಾಕಿದ್ದಾರೆ. ಇನ್ನೊಬ್ಬರು ಬಂದು ಪ್ಯಾನೆಲ್ ಪೆಟ್ಟಿಗೆಯೊಳಗೆ ಸ್ಕ್ರೂಗೆ ಅಡ್ಡ ಇನ್ನೊಂದು ಹಾಕಿದ್ದಾರೆ. ಶಟರ್ ಮುಚ್ಚಿದಾಗ ಎರಡೂ ಸೇರಿ 1.1, ಪ್ಯಾನೆಲ್‌ಗೆ ಅದು ಸರಿಯೋ ತಪ್ಪೋ ಅನ್ನುವ ಅಂಚು. ಒಂದು ರಾತ್ರಿ ಒಪ್ಪುತ್ತದೆ, ಇನ್ನೊಂದು ರಾತ್ರಿ ಒಪ್ಪಲ್ಲ. ಅದಕ್ಕಿಂತ ಕೆಟ್ಟದ್ದು, ಶಟರ್ ಎತ್ತಿದಾಗ ಪೆಟ್ಟಿಗೆಯೊಳಗಿನದು ಒಂದೇ ಉಳಿದು ಸರಿಯಾಗಿ 2.2 ಕಾಣುತ್ತದೆ. ಅಂದರೆ ಕಳ್ಳ ಶಟರ್ ಎತ್ತಿದರೂ ಪ್ಯಾನೆಲ್ ಸುಮ್ಮನಿರುತ್ತಿತ್ತು.

ಪೆಟ್ಟಿಗೆಯೊಳಗಿನ ರೆಸಿಸ್ಟರ್ ಕಿತ್ತು ಬಿಸಾಕಿ. ಶಟರ್ ತುದಿಯದು ಇರಲಿ. ಆಮೇಲೆ ಮುಚ್ಚಿದಾಗ 2.2, ಎತ್ತಿದಾಗ ಅಪಾರ ಬರಬೇಕು. ಶಟರ್ ಪಕ್ಕದಲ್ಲಿ ವೈರ್ ಬಗ್ಗುವ ಕಡೆ ಕಬ್ಬಿಣದ ಫ್ಲೆಕ್ಸಿಬಲ್ ಪೈಪ್ ಹಾಕಿಸಿ, ಬೆಲ್ಲದ ಅಂಗಡಿಯ ಇಲಿಗೆ ಪ್ಲಾಸ್ಟಿಕ್ ಲೆಕ್ಕಕ್ಕಿಲ್ಲ.

ಮಂಡಿಪೇಟೆ_ಅಂಗಡಿ · ಮಂಗಳವಾರ, ರಾತ್ರಿ 10:04

ಕಿತ್ತೆ. ಮುಚ್ಚಿದಾಗ 2.2, ಎತ್ತಿದಾಗ ಮೀಟರ್‌ನಲ್ಲಿ ಏನೂ ಇಲ್ಲ, ಎಡಗಡೆ ಒಂದು ಅಂತ ಮಾತ್ರ ನಿಂತಿದೆ. ವೈರ್ ವಾಪಸ್ ಹಾಕಿದೆ, ರೆಡಿ ಲೈಟ್ ಬಂತು. ಆನ್ ಮಾಡಿ ಹೊರಗಿನಿಂದ ಶಟರ್ ಒಂದು ಗೇಣು ಎತ್ತಿ ನೋಡಿದೆ, ಹೂಟರ್ ಕೂಗಿತು. ಎದುರಿನ ಲಾಡ್ಜ್‌ನವರು ಕೆಳಗಿಳಿದು ಬಂದರು. ನಾಳೆ ವೈರ್‌ಮನ್‌ಗೆ ಪೈಪ್ ತರಲು ಹೇಳಿದ್ದೇನೆ. ಅರ್ಧ ಇಂಚಿನದು ಸಾಕಾ ಅಣ್ಣ?

ತಂತಿ_ಮೀಟರ್ · ಮಂಗಳವಾರ, ರಾತ್ರಿ 10:06

ಸಾಕು. ಎರಡೂ ತುದಿಗೆ ಗ್ಲ್ಯಾಂಡ್ (ಪೈಪ್ ತುದಿಯನ್ನು ಬಿಗಿಹಿಡಿಯುವ ನಟ್) ಹಾಕಿಸಿ.